ಸೆಕ್ರೆಟ್ರಿ ಮಾವ ಕುಡಿದ ಹಾಲು

ಅವರ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಉಗುರುಗಳಂತಿರಲಿಲ್ಲ. ಅಗಲವಾಗಿತ್ತು, ತುಸು ಉದ್ದಕ್ಕೆ ಬಿಟ್ಟಿದ್ದರು, ಅಂಚನ್ನು ಕಲ್ಲಿಗೆ ತೀಡಿ ನುಣುಪು ಮಾಡಿದ್ದರು. ಹಾಲು ಹಾಕಲು ಬಂದವರ ಕ್ಯಾನಿಗೆ ಸೌಟು ಇಳಿಸಿ ಎತ್ತಿ, ಒಂದು ತೊಟ್ಟನ್ನು ಆ ಉಗುರಿನ ಮೇಲೆ ಬಿಟ್ಟುಕೊಂಡು, ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡುವರು. ತೊಟ್ಟು ಅಲ್ಲೇ ದುಂಡಗೆ ನಿಂತರೆ ಅವರದು ಒಂದು ಮುಖ, ಜಾರಿ ಓಡಿದರೆ ಇನ್ನೊಂದು ಮುಖ. ಫ್ಯಾಟ್ ನೋಡುವ ಯಂತ್ರ ಬಂದು ಎಷ್ಟೋ ವರ್ಷವಾಗಿದ್ದರೂ ಮೊದಲು ಉಗುರು, ಆಮೇಲೆ ಯಂತ್ರ. ಸಾಲಿನಲ್ಲಿ ನಿಂತ ನಾವೆಲ್ಲ ಯಂತ್ರದ ಕೆಂಪು ಅಂಕಿಗಿಂತ ಆ ಉಗುರನ್ನೇ ನೋಡುತ್ತಿದ್ದೆವು.

ಬೂದಿಕೋಟೆಯಿಂದ ಒಳಕ್ಕೆ ಹೋಗುವ ಮಣ್ಣು ರಸ್ತೆಯ ಕೊನೆಗಿರುವ ನಮ್ಮೂರಿನ ಹಾಲಿನ ಡೈರಿಗೆ ಅವರು ಸೆಕ್ರೆಟ್ರಿ. ನಮ್ಮ ಮಾವನವರಿಗೆ ದೊಡ್ಡಪ್ಪನ ಮಗ. ಊರಿಗೆಲ್ಲ ಬರೀ 'ಸೆಕ್ರೆಟ್ರಿ', ನನಗೆ 'ಸೆಕ್ರೆಟ್ರಿ ಮಾವ'. ನಾನು ಹುಟ್ಟಿ ಬೆಳೆದದ್ದು ಆಂಡರ್ಸನ್‌ಪೇಟೆಯಲ್ಲಿ. ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿ, ಬಿಳಿ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ಬಳಿಯುವುದರಲ್ಲಿ ಜಾಣೆಯಾಗಿದ್ದವಳು. ಹಸುವನ್ನು ಗೋಡೆಯಾಚೆಯಿಂದ ಬಿಟ್ಟರೆ ಹತ್ತಿರದಿಂದ ಕಂಡವಳಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮನೆಯ ಎರಡು ಸೀಮೆ ಹಸುಗಳ ಹಾಲನ್ನು ಡೈರಿಗೆ ಹೊರುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಲೂ ಬಾರದೆ, ಎರಡೂ ಕೈಯಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿ ಅವರು ನಕ್ಕಿದ್ದರು.

"ಏನಮ್ಮಾ ಕಾನ್ವೆಂಟು, ಅಸು ನಿನಗೆ ಗುಡ್ ಮಾರ್ನಿಂಗ್ ಏಳ್ತಾ ಇಲ್ವಾ?"

ಅಂದಿನಿಂದ ನಾನು ಅವರ ಬಾಯಲ್ಲಿ 'ಕಾನ್ವೆಂಟು'. ಆ ಹೆಸರು ನನಗೆ ಇಷ್ಟವಾಗಿತ್ತು. ಗಂಡನ ಮನೆಯವರೆಲ್ಲ ನನ್ನ ಅರೆಬರೆ ಹಳ್ಳಿ ಮಾತನ್ನು ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಅವರೊಬ್ಬರು ಅದನ್ನು ಬಿರುದಿನಂತೆ ಕೂಗುತ್ತಿದ್ದರು.

ಆ ವಾರವೇ ಒಂದು ದಿನ ನನ್ನ ಹಾಲು ಉಗುರಿನ ಮೇಲೆ ಬಿದ್ದಾಗ ಅವರ ಮುಖ ಬದಲಾಗಲಿಲ್ಲ. ಆದರೆ ಮೂಗಿನ ಹೊಳ್ಳೆ ಒಂದಿಷ್ಟು ಅಗಲವಾಯಿತು. ಸುಮ್ಮನೆ ಒಂದು ಸೌಟು ಹಾಲನ್ನು ಹಿಡಿಯಿರುವ ಪುಟ್ಟ ಪಾತ್ರೆಗೆ ತೆಗೆದು, ನನ್ನ ಕ್ಯಾನನ್ನು ಬದಿಗಿಟ್ಟು, "ಒಂದ್ ನಿಮಿಷ ನಿಂತಿರಮ್ಮ, ಸೈನ್ ಬೇಕು" ಎಂದರು. ಮುಂದಿನವರ ಹಾಲು ಅಳೆದರು. ನಡುವೆ ಒಳಕ್ಕೆ ಹೋಗಿ, ಆ ಪಾತ್ರೆಯನ್ನು ಚಿಕ್ಕ ಒಲೆಯ ಮೇಲೆ ಹಿಡಿದು ಕಾಯಿಸಿದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು ತೋರಿಸಿದರು. ಹಾಲು ಪುಟ್ಟ ಪುಟ್ಟ ಚೂರಾಗಿ ಒಡೆದಿತ್ತು.

"ಕ್ಯಾನು ಬರೀ ತಣ್ಣೀರಲ್ಲಿ ತೊಳೆದಿದೀಯ. ಮುಚ್ಚಳದ ರಬ್ಬರ್ ಕೆಳಗೆ ನಿನ್ನೆ ಆಲು ಉಳಕಂಡೈತೆ. ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಆಕು." ಆಮೇಲೆ, ನಾನು ಅಳುವ ಹಾಗಿದ್ದೆನೇನೋ, ದನಿ ಇಳಿಸಿ ಹೇಳಿದರು: "ಯಾರ ಮನೆ ಆಲೂ ನಾಲ್ಕು ಜನದ ಮುಂದೆ ಕೆಟ್ಟದು ಅನ್ಬಾರ್ದು ಕಣಮ್ಮ. ಕಾಯ್ಸಿ ನೋಡ್ಬೇಕು. ಕೆಟ್ಟಿದ್ರೆ ಅವರ ಕಿವೀಗೆ ಮಾತ್ರ ಏಳ್ಬೇಕು."

ಅದು ಅವರ ಡೈರಿಯ ಕಟ್ಟಳೆ. ಕಾಯಿಸಿ ನೋಡದೆ ಯಾರ ಹಾಲನ್ನೂ ತಿರುಗಿಸಿ ಕಳಿಸಿದವರಲ್ಲ. ಹಾಲಿಗಷ್ಟೇ ಅಲ್ಲ, ಊರಿನ ಸುದ್ದಿಗೂ ಅದೇ ಮಾತು. ಒಮ್ಮೆ ಮೇಲುಬೀದಿಯ ಹುಡುಗಿಯೊಬ್ಬಳು ಯಾರ ಜೊತೆಗೋ ಓಡಿಹೋದಳೆಂದು ಸಾಲಿನಲ್ಲಿ ಗುಸುಗುಸು ಎದ್ದಾಗ, ಸುದ್ದಿ ತಂದವನ ಕಡೆ ಸೌಟು ತೋರಿಸಿ, "ಕಾಯ್ಸಿ ನೋಡಿದ್ಯೇನ್ಲಾ?" ಎಂದು ಕೇಳಿದರು. ಅವನು ತಲೆ ಕೆರೆದುಕೊಂಡ. "ಅಂಗಾದ್ರೆ ಕ್ಯಾನಿಗೆ ಸುರೀಬೇಡ. ಎಲ್ಲಾರ್ ಮನೆ ಆಲೂ ಐತೆ ಅದರಲ್ಲಿ." ಆ ಹುಡುಗಿ ಸಂಜೆಯ ಬಸ್ಸಿಗೆ ಕೆಜಿಎಫ್‌ನ ಅತ್ತೆಯ ಮನೆಯಿಂದ ಪರೀಕ್ಷೆಯ ಹಾಲ್ ಟಿಕೆಟ್ ಹಿಡಿದು ಬಂದಳು.

ಒಂದು ವಿಚಿತ್ರ ಹೇಳಬೇಕು. ದಿನವಿಡೀ ಹಾಲಿನಲ್ಲೇ ಕೈಯಿದ್ದ ಆ ಮನುಷ್ಯ ಹಾಲು ಕುಡಿಯುತ್ತಿರಲಿಲ್ಲ. ಚಿಕ್ಕಂದಿನಿಂದ ಬಾಯಿಗೆ ಸೇರದಂತೆ. ಹಾಲಿಲ್ಲದ ಕರೀ ಟೀ, ಅದಕ್ಕೊಂದು ತುಂಡು ಬೆಲ್ಲ. ಯಾರಾದರೂ ಹಾಲು ಹಾಕಿದ ಟೀ ಕೊಟ್ಟರೆ, "ಆಫೀಸು ಕೆಲಸ ಮನೇಗೆ ತರಬ್ಯಾಡ್ರಿ" ಎಂದು ಲೋಟ ವಾಪಸು ತಳ್ಳುವರು. ಅವರ ಹೆಂಡತಿ, ನಾನು ಅತ್ತೆ ಎನ್ನುವವರು, "ಇವರನ್ನ ಕಟ್ಕಂಡು ನಮ್ಮನೇಲಿ ಪಾಯಸ ಮಾಡೋದೇ ಬಿಟ್ಟೆ ಕಣೆ" ಎಂದು ನಗುತ್ತಿದ್ದರು.

ಡೈರಿ ಶುರುವಾದ ಕಾಲದಲ್ಲಿ ಊರಿಗೆ ವ್ಯಾನು ಬರುತ್ತಿರಲಿಲ್ಲ. ಮಾವ ಮತ್ತು ಅವರ ಗೆಳೆಯರೊಬ್ಬರು ಎರಡು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬೂದಿಕೋಟೆಗೆ ಹೊರುತ್ತಿದ್ದರಂತೆ. ಆ ಗೆಳೆಯರು ಸಾಬರು. ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರ ಹೆಂಡತಿಯನ್ನು ಊರವರೆಲ್ಲ ಬೂಬಮ್ಮ ಎನ್ನುತ್ತಿದ್ದರು. ಸಾಬರ ಮನೆಯ ಹಿರಿಯ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಮಗಳನ್ನು ಆಂಡರ್ಸನ್‌ಪೇಟೆಗೆ ಕೊಟ್ಟಿದ್ದರು, ನನ್ನ ತವರಿನ ಹಿಂದಿನ ಬೀದಿಗೆ. ಎರಡು ಹಸು ಸಾಕಿಕೊಂಡು ಒಂಟಿಯಾಗಿದ್ದ ಬೂಬಮ್ಮನಿಗೂ ಮಾವನಿಗೂ ದಿನಾ ಒಂದು ಸುತ್ತು ಮಾತಿನ ಕುಸ್ತಿ ಆಗಲೇಬೇಕು.

"ಏನ್ ಬೂಬಮ್ಮಾ, ಬಾವೀಲಿ ನೀರು ಜಾಸ್ತಿ ಐತಾ ಇವತ್ತು?"

"ನೀರು ಬೆರ್ಸೋಣ ಅಂದ್ರೆ ನಿನ್ ಉಗುರಿಗೆ ಎದ್ರಿಕಂಡು ಸಾಯ್ಬೇಕಲ್ಲಪ್ಪ ಸೆಕ್ರೆಟ್ರಿ. ಅದನ್ನ ಯಾವಾಗ ಕತ್ತರಿಸ್ತೀಯ ಏಳು, ಅವತ್ತು ಬೆರಸ್ತೀನಿ."

ಇಂಥ ಮನುಷ್ಯ ಹೇಗೆ ಬದಲಾದರು ಎಂದು ಯೋಚಿಸುವಾಗೆಲ್ಲ ನನಗೆ ಡೈರಿಯ ಪಕ್ಕದ ಆ ಕಲ್ಲು ಕಣ್ಣಿಗೆ ಬರುತ್ತದೆ.

ನಮ್ಮೂರ ಹಾಲು ಬೇಸಿಗೆಯಲ್ಲಿ ದಾರಿಯಲ್ಲೇ ಕೆಡುತ್ತಿತ್ತು. ಊರಲ್ಲೇ ಹಾಲು ತಣ್ಣಗಿಡುವ ಘಟಕ ಆಗಬೇಕೆಂಬುದು ಮಾವನ ಒಂದೇ ಆಸೆ. ಅದನ್ನು ಮಾಡಿಸಿಕೊಡುತ್ತೇನೆಂದ ಒಬ್ಬ ನಾಯಕನ ಹಿಂದೆ ಅವರು ಯೌವನದಿಂದ ಓಡಾಡಿದ್ದರು. ಪ್ರತಿ ಚುನಾವಣೆಗೂ ಮನೆಮನೆಗೆ ಹೋಗಿ ಕೈಮುಗಿದರು. ಕೊನೆಗೊಮ್ಮೆ ಆ ನಾಯಕ ಬಂದು, ಹಾರ ಹಾಕಿಸಿಕೊಂಡು, ಶಂಕುಸ್ಥಾಪನೆಯ ಕಲ್ಲು ನಿಲ್ಲಿಸಿ ಹೋದ. ಗೆದ್ದ. ಗೆದ್ದ ಮೇಲೆ ಯಾವ ಪಕ್ಷವನ್ನು ಅದೇ ಜಾಗದಲ್ಲಿ ನಿಂತು ಬಾಯಿಗೆ ಬಂದಂತೆ ಬೈದಿದ್ದನೋ ಆ ಪಕ್ಷಕ್ಕೇ ಸೇರಿದ. ಮುಂದಿನ ಸಲ ಓಟು ಕೇಳಲು ಬಂದಾಗ ಮಾವ ಜೀಪಿನ ಹತ್ತಿರ ಹೋಗಿ ಘಟಕದ ಮಾತೆತ್ತಿದರು. ಅವನು ಪಕ್ಕದವನ ಕಡೆ ತಿರುಗಿ, "ಇವರು ಯಾರು?" ಎಂದು ಕೇಳಿದ.

ನಾನು ಆಗ ಕ್ಯಾನು ಹಿಡಿದು ಅಲ್ಲೇ ನಿಂತಿದ್ದೆ. ಮಾವ ಹೆಗಲ ಟವೆಲ್ ತೆಗೆದು ಆ ಕಲ್ಲಿನ ಮೇಲೆ ಕೂತಿದ್ದ ಕೋಳಿಯನ್ನು ಓಡಿಸಿದರು. ಮತ್ತೆ ಅದು ಬಂದು ಕೂತಿತು. ಸಂಜೆ ಹಾಲು ಅಳೆಯುತ್ತಾ, ಯಾರಿಗೆ ಅಂತಲ್ಲದೆ ಹೇಳಿದರು: "ಇವನಿಗೋಸ್ಕರ ಎಷ್ಟು ಮನೆ ಬಾಗಿಲು ತಟ್ಟಿದ್ನೋ. ನನ್ ಮುಖ ನೋಡಿ ಓಟು ಆಕಿದ್ರಲ್ಲಮ್ಮ ಜನ. ಇನ್ ಮೇಲೆ ಯಾವನ್ ಮಾತೂ ನಂಬಲ್ಲ ನಾನು."

ಯಾರನ್ನೂ ನಂಬುವುದಿಲ್ಲ ಎಂದವರು ಆಮೇಲೆ ಎಲ್ಲವನ್ನೂ ನಂಬಿದರು.

ಮಾವನಿಗೆ ಅವರ ಅಳಿಯ ಒಂದು ದೊಡ್ಡ ಫೋನು ತಂದುಕೊಟ್ಟ. ಡೈರಿಯವರದೆಂದು ಒಂದು ವಾಟ್ಸಾಪ್ ಗ್ರೂಪ್ ಆಯಿತು. ಮೊದಲು ತುಂಬ ಅನುಕೂಲವೇ. ಮಾವನಿಗೆ ಬರೆಯುವುದು ಬೇಸರ, ದನಿಯಲ್ಲೇ ಕಳಿಸುವರು: "ನಾನು ಡೈರಿ ಸೆಕ್ರೆಟ್ರಿ ಮಾತಾಡ್ತಾ ಇದೀನಿ. ಎಲ್ಲಾರೂ ಸ್ವಲ್ಪ ಕೇಳಿಸ್ಕಳಿ. ನಾಳೆ ಡಾಕ್ಟ್ರು ಬತ್ತಾರೆ, ಕರುಗಳನ್ನ ಕಟ್ಟಾಕಿರಿ." ಹಿಂಡಿ ಬಂದಿದೆ, ವ್ಯಾನು ತಡ, ಎಲ್ಲವೂ ಆ ದನಿಯಲ್ಲೇ. ನಾವು ಅಡುಗೆಮನೆಯಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಕೇಳುತ್ತಿದ್ದೆವು. ಆ ದನಿ ಹೇಳಿತೆಂದರೆ ಮುಗಿಯಿತು.

ಆಮೇಲೆ ಗ್ರೂಪಿಗೆ ಮಾವನಿಂದ ಮಂಡಿನೋವಿನ ಮದ್ದು ಬರತೊಡಗಿತು. ಬಳಿಕ ಯಾರೋ ಅಳುವ ವಿಡಿಯೋ, ಎಲ್ಲೋ ಹೊತ್ತಿ ಉರಿಯುವ ಅಂಗಡಿ, ಯಾವ ಊರೆಂದು ತಿಳಿಯದ ಜಗಳ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಎದ್ದೇಳಿ, ಎಚ್ಚರ, ನಿಮ್ಮ ಮನೆಗೂ ಬರುತ್ತಾರೆ. ನಾನು ಡೈರಿಗೆ ಹೋದಾಗ ಮಾವನ ಆ ಉಗುರು ಫೋನಿನ ಗಾಜಿನ ಮೇಲೆ ಟಕ್ ಟಕ್ ಎಂದು ಓಡುತ್ತಿತ್ತು. ಒಂದು ಕಿವಿಗೆ ಯಾವಾಗಲೂ ವೈರು. ಹಾಲು ಸುರಿಯುವಾಗಲೂ ತೆಗೆಯುತ್ತಿರಲಿಲ್ಲ. ಒಂದು ದಿನ ನೋಡುತ್ತೇನೆ, ನನ್ನ ಹಾಲನ್ನು ಉಗುರಿಗೆ ಬಿಡದೆ ನೇರ ಯಂತ್ರಕ್ಕೆ ಹಾಕಿ ದೊಡ್ಡ ಕ್ಯಾನಿಗೆ ಸುರಿದುಬಿಟ್ಟರು. ಸಣ್ಣ ವಿಷಯ. ಮನೆಗೆ ಬಂದ ಮೇಲೂ ಅದು ಮನಸ್ಸಿನಿಂದ ಹೋಗಲಿಲ್ಲ.

"ಮಾವ, ಆ ವಿಡಿಯೋ ನಮ್ಮ ದೇಶದ್ದೇ ಅಲ್ಲ ಅನಿಸುತ್ತೆ, ಅಂಗಡಿ ಬೋರ್ಡು ಬೇರೆ ಭಾಷೇಲಿದೆ" ಎಂದು ಒಮ್ಮೆ ಧೈರ್ಯ ಮಾಡಿ ಹೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

"ಕಾನ್ವೆಂಟು. ಅಲ್ವಾ ಮತ್ತೆ. ಆ ಸಿಸ್ಟರುಗಳು ನಿಂಗೆ ಏನ್ ಕಲ್ಸಿದಾರೋ ಅದೇ ಮಾತಾಡ್ತೀಯ. ನಮ್ಮೋಳೋ ಅವರ ಕಡೆಯೋಳೋ ನೀನು?"

ಅದೇ ಹೆಸರು, ಅದೇ ಬಾಯಿ. ದಾರಿಯುದ್ದಕ್ಕೂ ನನ್ನ ಖಾಲಿ ಕ್ಯಾನಿನ ಮುಚ್ಚಳ ಗಡಗಡ ಅನ್ನುತ್ತಿತ್ತು.

ಬಂಗಾರಪೇಟೆ ಕಡೆಯಿಂದ ಬೈಕುಗಳಲ್ಲಿ ನಾಲ್ಕಾರು ಯುವಕರು ಬರತೊಡಗಿದರು. ಮಾವನ ದನಿಯ ಮೆಸೇಜುಗಳು ಅವರಿಗೆ ಹೇಗೋ ತಲುಪಿದ್ದವು. "ನಿಮ್ಮಂಥ ಹಿರಿಯರ ಮಾತು ಬೇಕು ತಾತಾ" ಎಂದು ಕಾಲಿಗೆ ಬೀಳುವರು. ಒಂದು ದಿನ ಶಾಲು ಹೊದಿಸಿದರು. ಜೀಪಿನಲ್ಲಿ ಕೂತವನೊಬ್ಬ "ಇವರು ಯಾರು" ಎಂದದ್ದನ್ನು ಕೇಳಿಸಿಕೊಂಡಿದ್ದ ಕಿವಿಗೆ ಈ ಮಾತು ಹೇಗೆ ಕೇಳಿಸಿರಬೇಡ! ಮಾವ ಆ ಶಾಲನ್ನು ಡೈರಿಯ ಮೊಳೆಗೆ ತೂಗುಹಾಕಿದ್ದರು. ಆ ಯುವಕರಲ್ಲಿ ಕನ್ನಡಕದವನೊಬ್ಬ ತುಂಬ ಮೆಲುಮಾತಿನವನು. ನನ್ನ ಹತ್ತಿರ ಕುಡಿಯಲು ನೀರು ಕೇಳಿದ. ಕುಡಿದು, ಚೊಂಬನ್ನು ಎರಡೂ ಕೈಯಿಂದ ವಾಪಸು ಕೊಟ್ಟು, "ಅಕ್ಕಾ, ನಿಮ್ಮ ತಾಯಿಯವರು ಆಂಡರ್ಸನ್‌ಪೇಟೇಲಿ ಒಬ್ಬರೇ ಇರೋದಲ್ವಾ? ಅಲ್ಲಿ ಎಂಥವರಿದಾರೆ ಅಂತ ನಮಗೆ ಗೊತ್ತು. ಹುಷಾರಾಗಿರೋಕೆ ಹೇಳಿ" ಎಂದ. ನಾನು ಅವನಿಗೆ ನನ್ನ ತವರಿನ ಹೆಸರು ಹೇಳಿರಲಿಲ್ಲ.

ಅದೇ ವಾರ ಹಿಂಡಿ ಮೂಟೆ ನೋಡಲು ಡೈರಿಯ ಹಿಂದಿನ ಕೋಣೆಗೆ ಹೋದೆ. ಮೂಟೆಗಳ ಹಿಂದೆ ಗೋಡೆಗೆ ಒರಗಿಸಿದ ಕೋಲಿನ ಕಟ್ಟೊಂದಿತ್ತು.

"ಏನ್ ಮಾವ ಇದು?"

"ಟಮೋಟ ಗಿಡಕ್ಕೆ."

ನಮ್ಮ ಕಡೆ ಟೊಮೇಟೊ ಬೆಳೆಯದವರಿಲ್ಲ. ಗಿಡಕ್ಕೆ ಆಸರೆ ಕೊಡುವುದು ನೀಲಗಿರಿ ಕಡ್ಡಿ. ಸೊಟ್ಟ, ಸಿಪ್ಪೆ ಎದ್ದ, ಒಂದೊಂದು ಒಂದಳತೆಯ ಕಡ್ಡಿ. ಇವು ಬಿದಿರು. ಎಲ್ಲವೂ ಒಂದೇ ಉದ್ದ. ಎಣ್ಣೆ ಹಚ್ಚಿ ಒರೆಸಿದ ಹೊಳಪು. ಪ್ರತಿಯೊಂದರ ತುದಿಗೂ ಕಬ್ಬಿಣದ ಬಳೆ ಬಡಿದಿತ್ತು. ಯಾವ ಟೊಮೇಟೊ ಗಿಡಕ್ಕೆ ಕಬ್ಬಿಣದ ಬಳೆ ಬೇಕು? ನಾನು ಹಿಂಡಿಯನ್ನು ಕೇಳದೆಯೇ ಮನೆಗೆ ಬಂದೆ. ಯಜಮಾನರಿಗೆ ಹೇಳಿದೆ. ಅವರು ಬೆಳಗಿನ ರೈಲಿಗೆ ಬಂಗಾರಪೇಟೆಗೆ ಓಡುವ ಆತುರದಲ್ಲಿದ್ದರು. "ನೋಡಿಲ್ಲ ಅಂತ ಇದ್ದುಬಿಡು" ಎಂದರು. ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಹೋದರು. ಅವರಿಗೂ ಹೆದರಿಕೆಯಾಗಿತ್ತು.

ಬೇಸಿಗೆ ಶುರುವಾಗಿತ್ತು. ಒಂದು ಬೆಳಗ್ಗೆ ನಮ್ಮೂರಿಂದ ಹೋದ ಹಾಲಷ್ಟೂ ಒಡೆದಿದೆಯೆಂದು ವ್ಯಾನಿನಲ್ಲೇ ವಾಪಸು ಬಂತು. ಕ್ಯಾನಿನ ಮುಚ್ಚಳ ತೆಗೆದರೆ ಹುಳಿ ವಾಸನೆ ಬೀದಿಯವರೆಗೂ ಹೊಡೆಯಿತು. ಚರಂಡಿಗೆ ಸುರಿದರು. ಬೆಳ್ಳಗೆ ಹರಿದುಹೋಗುವುದನ್ನು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನೋಡಿದರು. ಮಾವ ಎಲ್ಲರಿಗಿಂತ ದೂರ ನಿಂತಿದ್ದರು. ಇಷ್ಟು ವರ್ಷದಲ್ಲಿ ಅವರ ಕಣ್ಣು ತಪ್ಪಿಸಿ ಕೆಟ್ಟ ಹಾಲು ಕ್ಯಾನಿಗೆ ಬಿದ್ದದ್ದೇ ಇಲ್ಲ. ಅಂದು ಬೆಳಗ್ಗೆ ಅವರು ಯಾರ ಹಾಲನ್ನೂ ಉಗುರಿಗೆ ಬಿಟ್ಟಿರಲಿಲ್ಲ, ಯಾರದನ್ನೂ ಕಾಯಿಸಿರಲಿಲ್ಲ. ಕನ್ನಡಕದವನು ಬಂದು ಅವರ ಪಕ್ಕ ಕೂತು ಬಹಳ ಹೊತ್ತು ಮೆಲ್ಲಗೆ ಮಾತಾಡಿದ.

ಸಂಜೆ ನಾನು ಅಕ್ಕಿ ಆರಿಸುತ್ತಿದ್ದೆ. ಡಬ್ಬಕ್ಕೆ ಒರಗಿಸಿದ ಫೋನಿನಿಂದ ಎಂದಿನ ದನಿ ಬಂತು.

"ನಾನು ಡೈರಿ ಸೆಕ್ರೆಟ್ರಿ ಮಾತಾಡ್ತಾ ಇದೀನಿ. ಎಲ್ಲಾರೂ ಸ್ವಲ್ಪ ಕೇಳಿಸ್ಕಳಿ. ಇವತ್ತು ನಮ್ಮೂರ ಆಲು ಒಡೆದೋಗೈತೆ. ಅದು ತಾನಾಗಿ ಒಡೆದಿದ್ದಲ್ಲ. ಬೇಕಂತ ಏನೋ ಬೆರ್ಸಿದಾರೆ. ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವರನ್ನ ಇನ್ನೂ ಊರಲ್ಲಿ ಇಟ್ಕಂಡಿರೋದು ನಮ್ ತಪ್ಪು. ಉಸಾರು."

ಕರು ಕಟ್ಟಿಹಾಕಿ ಎನ್ನುವ ಅದೇ ದನಿ. ನಮ್ಮ ಡೈರಿಗೆ ಹಾಲು ಹಾಕುವ ಸಾಬರ ಮನೆ ಒಂದೇ ಒಂದು. ಹೆಸರು ಹೇಳುವ ಅಗತ್ಯವಿರಲಿಲ್ಲ. ಮೊರದಲ್ಲಿದ್ದ ಅಕ್ಕಿ ನನ್ನ ಕಾಲ ಮೇಲೆ ಚೆಲ್ಲಿತ್ತು. ಬೂಬಮ್ಮನ ಹತ್ತಿರ ಅಂಥ ಫೋನಿರಲಿಲ್ಲ. ಊರಿಗೆಲ್ಲ ಗೊತ್ತಾದದ್ದು ಅವರೊಬ್ಬರಿಗೆ ಗೊತ್ತಿರಲಿಲ್ಲ.

ಬೆಳಗ್ಗೆ ನಾನು ಎಂದಿಗಿಂತ ಮೊದಲೇ ಹೊರಟೆ, ದಾರಿಯಲ್ಲೇ ಅವರನ್ನು ತಡೆಯೋಣವೆಂದು. ಆದರೆ ಡೈರಿಯ ಮುಂದೆ ಆಗಲೇ ಬೈಕುಗಳು ನಿಂತಿದ್ದವು. ಕೋಲುಗಳು ಒಳಗಿನಿಂದ ಜಗುಲಿಗೆ ಬಂದಿದ್ದವು. ನನ್ನ ಹಿಂದೆ ಇಬ್ಬರು ದಾರಿಗೆ ಅಡ್ಡವಾಗಿ ನಿಂತರು. ಕೆರೆ ಏರಿಯ ಮೇಲಿಂದ ಬೂಬಮ್ಮ ಎಂದಿನಂತೆ ಎಡಕ್ಕೆ ಒಂದಿಷ್ಟು ವಾಲಿಕೊಂಡು, ಕ್ಯಾನು ಹಿಡಿದು ಬರುತ್ತಿದ್ದರು. ದೂರದಿಂದ ಆ ನಡಿಗೆಯನ್ನು ನೋಡುತ್ತಾ, ದೇವರೇ, ಎಡವಿ ಬಿದ್ದಾದರೂ ಬೀಳಲಿ, ಹಾಲು ಚೆಲ್ಲಿ ಮನೆಗೆ ಹೋಗಲಿ ಎಂದು ಬೇಡಿಕೊಂಡೆ. ಅವರು ಎಡವಲಿಲ್ಲ.

ಸಾಲು ಎರಡಾಗಿ ಸೀಳಿ ಅವರಿಗೆ ಜಾಗ ಬಿಟ್ಟಿತು. ಅದು ಮರ್ಯಾದೆಯ ಜಾಗವಲ್ಲ ಎಂದು ಅವರಿಗೆ ಇನ್ನೂ ತಿಳಿದಿರಲಿಲ್ಲ.

"ಏನ್ ಬೂಬಮ್ಮ, ಇವತ್ತೇನ್ ಬೆರ್ಸಿದೀಯ?" ಬೈಕಿನವನೊಬ್ಬ ಕೇಳಿದ.

"ನಿಮ್ ಸೆಕ್ರೆಟ್ರಿ ಉಗುರು ಇನ್ನೂ ಕತ್ತರಿಸಿಲ್ವಲ್ಲಪ್ಪ, ಇನ್ನೇನ್ ಬೆರ್ಸಲಿ" ಎಂದು ಬೂಬಮ್ಮ ನಕ್ಕರು. ಯಾರೂ ನಗಲಿಲ್ಲ. ಅವರ ನಗು ನಿಧಾನಕ್ಕೆ ನಿಂತಿತು. ಕೋಲು ನೋಡಿದರು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು, ಕೊನೆಗೆ ಮಾವನನ್ನು. "ಏನಾಯ್ತು ಸೆಕ್ರೆಟ್ರಿ?" ಎಂದರು. ಯಾರೋ ಕೋಲಿನ ತುದಿಯಿಂದ ಬೂಬಮ್ಮನ ಕ್ಯಾನನ್ನು ತಟ್ಟಿದ. ಕಬ್ಬಿಣದ ಬಳೆ ತಗುಲಿ ಠಣ್ ಎಂದಿತು.

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು. "ಮಾವ, ಕಾಯ್ಸಿ ನೋಡಲ್ವಾ?"

ಅವರು ನನ್ನ ಕಡೆ ತಿರುಗಿದರು. ಏನು ಹೊಳೆಯಿತೋ, ಕಿವಿಯ ವೈರು ತೆಗೆದು ಜೇಬಿಗೆ ಹಾಕಿದರು. ಬೂಬಮ್ಮನ ಕ್ಯಾನಿನಿಂದ ಒಂದು ಸೌಟು ಹಾಲನ್ನು ಪುಟ್ಟ ಪಾತ್ರೆಗೆ ತೆಗೆದು ಒಲೆ ಹಚ್ಚಿದರು. ಹಾಲು ಅಂಚಿನಲ್ಲಿ ಸಣ್ಣಗೆ ಗುಳ್ಳೆ ಕಟ್ಟಿತು, ಉಕ್ಕಿತು. ಮಾವ ಪಾತ್ರೆ ಓರೆ ಮಾಡಿ ತೋರಿಸಿದರು. ಒಂದು ಚೂರೂ ಒಡೆದಿರಲಿಲ್ಲ.

ಮುಗಿಯಿತು ಎಂದುಕೊಂಡೆ. ಕನ್ನಡಕದವನು ಮೆಲ್ಲಗೆ ನಕ್ಕ.

"ತಾತಾ, ವಿಷ ಕಾಯಿಸಿದರೆ ಕಾಣಿಸ್ತದಾ? ನಿಮ್ಮ ಒಲೆಗೆ ಅದು ಸಿಕ್ಕಲ್ಲ. ನೀವೇ ಹೇಳಿದೀರಲ್ಲ, ಕೇಳಿ ಬೇಕಾದ್ರೆ." ತನ್ನ ಫೋನು ಎತ್ತಿ ಹಿಡಿದ. ನಾನು ಡೈರಿ ಸೆಕ್ರೆಟ್ರಿ ಮಾತಾಡ್ತಾ ಇದೀನಿ, ಎಲ್ಲಾರೂ ಸ್ವಲ್ಪ ಕೇಳಿಸ್ಕಳಿ. ಆ ದನಿ ಜಗುಲಿಯ ತುಂಬ ಗಟ್ಟಿಯಾಗಿ ಕೇಳಿಸಿತು. ಮಾವ ತಮ್ಮದೇ ದನಿಯನ್ನು ಬೇರೆಯವರ ಕೈಯಿಂದ ಕೇಳುತ್ತಾ ನಿಂತರು. ಬೂಬಮ್ಮನೂ ಆಗಲೇ ಅದನ್ನು ಮೊದಲ ಸಲ ಕೇಳಿದ್ದು. ಅವರ ಕೈ ಗೋಡೆ ಹುಡುಕಿತು.

"ಅದನ್ನ ನಿಲ್ಸು" ಎಂದರು ಮಾವ.

"ಯಾಕೆ ತಾತಾ? ಊರಿಗೆಲ್ಲ ಹೋಗಿದೆ. ಬಂಗಾರಪೇಟೆ, ಕೆಜಿಎಫ್, ಎಲ್ಲಾ ಕಡೆ. ಈಗ ಹಿಂದೆ ಸರಿಯೋಕಾಗಲ್ಲ." ಹೇಳುತ್ತಲೇ ಅವನು ಬೂಬಮ್ಮನ ಕಡೆ ಒಂದು ಹೆಜ್ಜೆ ಇಟ್ಟ. ಹಿಂದಿದ್ದವರೂ ಇಟ್ಟರು.

ಆಗ ಮಾವ ಆ ಪಾತ್ರೆಯನ್ನು ಎತ್ತಿ ಬಾಯಿಗಿಟ್ಟರು. ಇನ್ನೂ ಹೊಗೆಯಾಡುತ್ತಿದ್ದ ಹಾಲು. ಅವರ ಕಣ್ಣಲ್ಲಿ ನೀರು ಚಿಮ್ಮಿತು, ಕತ್ತಿನ ನರ ಉಬ್ಬಿತು, ಎರಡು ಸಲ ವಾಕರಿಕೆ ಬಂದು ತಡೆದುಕೊಂಡರು. ಪೂರ್ತಿ ಕುಡಿದರು. ಖಾಲಿ ಪಾತ್ರೆಯನ್ನು ಬೋರಲು ಮಾಡಿ ತೋರಿಸಿ, ಸುಟ್ಟ ನಾಲಿಗೆಯಲ್ಲಿ ತೊದಲುತ್ತಾ ಹೇಳಿದರು:

"ವಿಷ ಅಲ್ವೇನ್ಲಾ? ನಾನು ಸತ್ರೆ ಅದನ್ನ ಆಕು ನಿನ್ ಗ್ರೂಪಲ್ಲಿ. ಅಲ್ಲೀಗಂಟ ಇಲ್ಲೇ ಕೂತ್ಕ, ಕಾಯ್ತಾ ಇರು."

ಯಾರೂ ಕೂರಲಿಲ್ಲ. ಮಾವ ಸೌಟು ಹಿಡಿದರು. "ಸುರಿ ಬೂಬಮ್ಮ." ಬೂಬಮ್ಮ ಸುರಿದರು, ಅರ್ಧ ನೆಲಕ್ಕೆ, ಅರ್ಧ ಕ್ಯಾನಿಗೆ. "ಮುಂದೆ ಯಾರು? ಬಾ ಕಾನ್ವೆಂಟು." ನಾನು ಹೋಗಿ ಅದೇ ಕ್ಯಾನಿಗೆ ನನ್ನ ಹಾಲು ಸುರಿದೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಸಾಲು ಕೂಡಿಕೊಂಡಿತು. ಎಲ್ಲರೂ ಅಲ್ಲ. ಕೆಲವರು ಹಾಲಿನ ಸಮೇತ ಮನೆಗೆ ತಿರುಗಿದರು. ಬೈಕುಗಳು ಹೊರಡುವಾಗ ಕನ್ನಡಕದವನು ನನ್ನನ್ನು ನೋಡಿ, ಮೊದಲಿನಷ್ಟೇ ಮೆಲ್ಲಗೆ, "ಬರ್ತೀವಿ ಅಕ್ಕಾ" ಎಂದ. ಆ ಎರಡು ಪದಕ್ಕೆ ನಾನು ಇವತ್ತಿಗೂ ಹೆದರುತ್ತೇನೆ.

ಆಮೇಲೊಂದು ದಿನ ಅತ್ತೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ ಹೇಳಿದರು: "ಆಲು ಒಡೆದೋದ ದಿನ ನಮ್ ಅಸುಗೆ ಕೆಚ್ಚಲು ಬಾವು ಬಂದಿತ್ತು ಕಣೆ. ಈ ಆಲು ಆಕ್ಬ್ಯಾಡಿ ಅಂತ ಬಡ್ಕಂಡೆ. ಕಿವೀಗೆ ಅದನ್ನ ಸಿಕ್ಕಿಸ್ಕಂಡಿದ್ರಲ್ಲ, ತಲೆ ಆಡ್ಸಿ ತಗಂಡೋದ್ರು." ಕೆಚ್ಚಲು ಬಾವಿನ ಹಾಲು ಒಡೆಯದೆ ಏನಾದೀತು! ಊರ ಹಾಲು ಕೆಟ್ಟದ್ದು ಅದರಿಂದಲೇ ಎಂದು ಅತ್ತೆ ಆಮೇಲೆ ಮಾವನಿಗೆ ಹೇಳಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಹೇಳಿದ್ದರು ಅನಿಸುತ್ತದೆ. ಕೋಲಿನ ಕಟ್ಟು ಅವರ ಮನೆಯ ಹಂಡೆ ಒಲೆಗೆ ಹೋಯಿತು. ಬೂದಿ ತೆಗೆಯುವಾಗ ಅತ್ತೆ ಕಬ್ಬಿಣದ ಬಳೆಗಳನ್ನು ಆರಿಸಿ ಬೇಲಿಯ ತಂತಿಗೆ ಪೋಣಿಸಿದ್ದರು. ಗಾಳಿ ಬಂದರೆ ಕಿಣಿಕಿಣಿ ಎನ್ನುತ್ತಿದ್ದವು.

ಮಾವ ಗ್ರೂಪಿಗೆ ಇನ್ನೊಂದು ದನಿ ಕಳಿಸಿದರು. "ನಾನು ಏಳಿದ್ದು ತಪ್ಪು. ಯಾರೂ ಏನೂ ಬೆರ್ಸಿಲ್ಲ. ನಾನು ಕಾಯ್ಸಿ ನೋಡ್ದೆ ಏಳ್ದೆ." ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಮೊದಲಿನದು ಓಡುತ್ತಲೇ ಇತ್ತು. ಬೈಕಿನವರು ಆಮೇಲೂ ಎರಡು ಸಲ ಊರ ಸುತ್ತ ಸುಮ್ಮನೆ ಒಂದು ಸುತ್ತು ಹಾಕಿ ಹೋದರು. ಬೂಬಮ್ಮ ಹಸುಗಳನ್ನು ಮಾರಿ ಮಗಳ ಮನೆಗೆ ಹೊರಟುಬಿಟ್ಟರು. ಹೊರಡುವ ದಿನ ಮಾವ ಅವರ ಬಾಗಿಲಿಗೆ ಹೋಗಿ, ಒಳಗೆ ಕಾಲಿಡದೆ ಮೆಟ್ಟಿಲ ಮೇಲೆ ಕೂತರು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಬೂಬಮ್ಮ ಕರೀ ಟೀ, ಬೆಲ್ಲ ತಂದುಕೊಟ್ಟರು.

"ಓಗ್ಲೇಬೇಕಾ ಬೂಬಮ್ಮ? ನಾನಿದೀನಲ್ಲ."

"ನಿನ್ ಮೇಲೆ ಕ್ವಾಪ ಇಲ್ಲ ಸೆಕ್ರೆಟ್ರಿ. ನೀನು ಕುಡಿದಿದ್ದೂ ಕಂಡೆ. ಆದ್ರೆ ರಾತ್ರಿ ಮಲಗಿದ್ರೆ ನಿನ್ ದನೀನೇ ಕೇಳಿಸ್ತದೆ. ಭಯ ಆಗ್ತದೆ, ಏನ್ ಮಾಡ್ಲಿ."

ಮಾವ ಟೀ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ತಿರುಗಿಸುತ್ತಿದ್ದರು. ಆ ಬೆಲ್ಲದ ತುಂಡು ಮೆಟ್ಟಿಲ ಮೇಲೇ ಉಳಿಯಿತು, ಇರುವೆ ಮುತ್ತಿತು.

ಮಾವ ಹೆಚ್ಚು ದಿನ ಉಳಿಯಲಿಲ್ಲ. ಫೋನು ಅಳಿಯನಿಗೆ ವಾಪಸು ಕೊಟ್ಟರು. ಮತ್ತೆ ಒಂದೊಂದು ಹಾಲನ್ನೂ ಉಗುರಿಗೆ ಬಿಟ್ಟು ನೋಡುತ್ತಿದ್ದರು, ಕೈ ನಡುಗಿ ತೊಟ್ಟು ತಾನಾಗಿ ಜಾರಿಹೋಗುತ್ತಿತ್ತು. ಮಳೆಗಾಲದ ಕೊನೆಗೆ ಎದೆನೋವೆಂದು ಬಂಗಾರಪೇಟೆಗೆ ಕರೆದೊಯ್ದರು. ದಾರಿಯಲ್ಲೇ ಹೋದರು.

ಮೂರನೆಯ ದಿನ ಹಾಲು ತುಪ್ಪ. ಸತ್ತವರ ಗುಡ್ಡೆಗೆ ನೆಂಟರಿಷ್ಟರು ಹಾಲು, ತುಪ್ಪ ಬಿಡುವುದು ನಮ್ಮ ಪದ್ಧತಿ. ಅಂದು ಬೆಳಗ್ಗೆ ಆಂಡರ್ಸನ್‌ಪೇಟೆಯಿಂದ ಅಮ್ಮ ಬಂದರು. ಚೀಲದಿಂದ ಒಂದು ಪ್ಯಾಕೆಟ್ ಹಾಲು ತೆಗೆದು ಕೊಟ್ಟರು. ಬೂಬಮ್ಮ ಕಳಿಸಿದ್ದಂತೆ. ಊರಿಗೆ ಕಾಲಿಡಲು ಧೈರ್ಯವಿಲ್ಲ ಎಂದಿದ್ದರಂತೆ. "ಪ್ಯಾಕೆಟ್ ಆಲು ಅಂದ್ರೆ ಸೆಕ್ರೆಟ್ರಿ ಬೈತಾನೆ. ನನ್ ಅತ್ರ ಈಗ ಅಸು ಇಲ್ಲ ಅಂತ ಏಳು" ಎಂದಿದ್ದರಂತೆ. ಅದನ್ನು ನಾನು ಕಾಯಿಸಿ, ಆರಿಸಿ, ನನ್ನ ಸರದಿ ಬಂದಾಗ ಬಿಟ್ಟೆ.

ಗುಡ್ಡೆಯ ಹತ್ತಿರದಿಂದ ಮನೆಗೆ ಬಂದು ಎಲ್ಲರೂ ಕೈಕಾಲು ತೊಳೆಯುತ್ತಿದ್ದಾಗ, ದೂರದ ನೆಂಟರೊಬ್ಬರು ಜಗುಲಿಯಲ್ಲಿ ಕೂತು ಫೋನು ಒತ್ತಿದರು. "ನಾನು ಡೈರಿ ಸೆಕ್ರೆಟ್ರಿ ಮಾತಾಡ್ತಾ ಇದೀನಿ. ಎಲ್ಲಾರೂ ಸ್ವಲ್ಪ ಕೇಳಿಸ್ಕಳಿ." ಅತ್ತೆ ಒಳಗಿನಿಂದ ಬಾಗಿಲವರೆಗೂ ಓಡಿ ಬಂದರು. ಹೊಸ್ತಿಲ ಮೇಲೆ ನಿಂತು ಜಗುಲಿಯನ್ನೆಲ್ಲ ಕಣ್ಣಲ್ಲಿ ಹುಡುಕಿದರು. ಯಾರ ದನಿಯೆಂದು ಆ ನೆಂಟರಿಗೆ ತಿಳಿದೇ ಇರಲಿಲ್ಲ. ಅವರಿಗೆ ಅದು ಬೇರೆ ಜಿಲ್ಲೆಯ ಯಾವುದೋ ಊರಿನ ಸುದ್ದಿಯೆಂದು ಬಂದಿತ್ತು.

ಈಗಲೂ ಬರುತ್ತದೆ. ಒಂದೊಂದು ಸಲ ಒಂದೊಂದು ಊರಿನ ಹೆಸರು ಅಂಟಿಸಿಕೊಂಡು, ಕೆಳಗೆ ಹೊಸ ಹೊಸ ಚಿತ್ರ ಸೇರಿಸಿಕೊಂಡು ಬರುತ್ತದೆ. ನನ್ನ ಶಾಲೆಯ ಗೆಳತಿಯರ ಗುಂಪಿನಲ್ಲೂ ಬಂತು. ಪ್ರತಿ ಸಲ ಹೆದರುತ್ತೇನೆ, ಇದು ಇವತ್ತು ಯಾವ ಊರಿನ ಯಾವ ಬೂಬಮ್ಮನ ಬಾಗಿಲಿಗೆ ಹೋಗಿದೆಯೋ ಎಂದು. ಪ್ರತಿ ಸಲವೂ ಅದರ ಕೆಳಗೆ ಇದು ಸುಳ್ಳೆಂದು ನಾನು ಬರೆಯುತ್ತೇನೆ. ಒಮ್ಮೆ ಗೊತ್ತಿಲ್ಲದ ಒಬ್ಬರು, "ನೀವು ಯಾರು? ಯಾವ ಊರು?" ಎಂದು ಕೇಳಿದರು. ಉತ್ತರ ಕೊಡಲಿಲ್ಲ. ಆಮೇಲೆ ಎಷ್ಟೋ ದಿನ ಬೈಕಿನ ಸದ್ದಾದರೆ ಒಲೆ ಆರಿಸಿ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಆದರೂ ಬರೆಯುವುದು ಬಿಟ್ಟಿಲ್ಲ. ನನ್ನ ಕೆಟ್ಟ ಹಾಲನ್ನು ಯಾರಿಗೂ ಕೇಳದಂತೆ ನನ್ನ ಕಿವಿಗಷ್ಟೇ ಹೇಳಿದ ಮನುಷ್ಯನಿಗಾಗಿ, ಇದೊಂದನ್ನು ನಾನು ಎಲ್ಲರ ಮುಂದೆ ಹೇಳಬೇಕಾಗಿದೆ.

ಆ ದನಿ ನಿಮ್ಮ ಫೋನಿಗೂ ಬಂದಿದ್ದರೆ ದಯವಿಟ್ಟು ಇಷ್ಟನ್ನು ಸೇರಿಸಿಕೊಳ್ಳಿ. ಅದು ನಮ್ಮ ಸೆಕ್ರೆಟ್ರಿ ಮಾವನದು. ಬೂಬಮ್ಮನ ಹಾಲಿನಲ್ಲಿ ಏನೂ ಇರಲಿಲ್ಲ. ಅದನ್ನು ಅವರೇ ಕುಡಿದರು. ನಾನು ನೋಡಿದ್ದೇನೆ.